ಎಳೆಯರ ಕೈಗೆ ಸಾಲದ ಕಾರ್ಡು

ಮಗನು ಹದಿನಾರನೆಯ ವಯಸ್ಸಿನಲ್ಲಿ ಊರು ಬಿಟ್ಟು ಕಾಲೇಜಿನ ವಿದ್ಯಾರ್ಥಿನಿಲಯವನ್ನು ಸೇರುವಾಗ, ಆಪತ್ಕಾಲಕ್ಕೆಂದು ಕ್ರೆಡಿಟ್ ಕಾರ್ಡೊಂದು ಅವನ ಜೇಬಿನಲ್ಲಿದ್ದರೆ ಒಳ್ಳೆಯದಲ್ಲವೇ ಎಂದು ಚಿಂತಿಸುವ ತಾಯಿಯ ಕಾಳಜಿಯನ್ನು ಯಾರೂ ಹಗುರಾಗಿ ಕಾಣಲಾರರು. ಆದರೆ ಕ್ರೆಡಿಟ್ ಕಾರ್ಡೆಂಬುದು ಸ್ವಭಾವತಃ ಸಾಲ. ಎಟಿಎಂ ಕಾರ್ಡು ನಮ್ಮ ಖಾತೆಯಲ್ಲಿರುವುದನ್ನೇ ನಮಗೆ ತೆಗೆದುಕೊಡುತ್ತದೆ, ಇದಾದರೋ ಮರಳಿ ಕೊಡುವೆವೆಂಬ ವಾಗ್ದಾನದ ಮೇಲೆ ಬ್ಯಾಂಕಿನ ಹಣವನ್ನು ಕೊಡಿಸುತ್ತದೆ. ಆ ವಾಗ್ದಾನಕ್ಕೆ ನ್ಯಾಯಾಲಯದಲ್ಲಿ ಬೆಲೆಯಿರಬೇಕಾದರೆ ಅದನ್ನಿತ್ತವನು ಕರಾರು ಮಾಡಿಕೊಳ್ಳಲು ಅರ್ಹನಾಗಿರತಕ್ಕದ್ದು. 1872ರ ಕರಾರು ಕಾಯಿದೆಯ 11ನೆಯ ಕಲಮು ಅಪ್ರಾಪ್ತವಯಸ್ಕರಿಗೆ ಈ ಅರ್ಹತೆಯನ್ನು ಕೊಟ್ಟಿಲ್ಲ. ಪ್ರಾಪ್ತವಯಸ್ಸು 18 ಎಂಬುದು 1875ರ ಶಾಸನದಿಂದ ನಿಶ್ಚಿತವಾಗಿದೆ.

ಈ ನಿಯಮದ ಕಠಿಣತೆಯನ್ನು ತಿಳಿಯಬೇಕಾದರೆ ಕಲ್ಕತ್ತೆಯ ಒಂದು ಹಳೆಯ ವ್ಯಾಜ್ಯವನ್ನು ನೆನೆಯಬೇಕು. 1895ರಲ್ಲಿ ಧರ್ಮದಾಸ ಘೋಷ್ ಎಂಬ ಹುಡುಗನು ಇನ್ನೂ ವಯಸ್ಸಿಗೆ ಬಾರದಿದ್ದಾಗಲೇ ಬ್ರಹ್ಮೋ ದತ್ತನೆಂಬ ಲೇವಾದೇವಿಗಾರನಿಗೆ ತನ್ನ ಮನೆಗಳನ್ನು 20,000 ರೂಪಾಯಿಯ ಸಾಲಕ್ಕೆ ಅಡಮಾನ ಬರೆದುಕೊಟ್ಟನು. ಹುಡುಗನು ಅಪ್ರಾಪ್ತನೆಂದು ಮೊದಲೇ ಪತ್ರದ ಮೂಲಕ ತಿಳಿದಿದ್ದರೂ ಲೇವಾದೇವಿಗಾರನ ಪರವಾಗಿದ್ದ ವಕೀಲನು ವ್ಯವಹಾರವನ್ನು ನಡೆಯಿಸಿಬಿಟ್ಟನು. ಸಾಲ ಕೊಟ್ಟವನು ಕಾಲವಾದ ಬಳಿಕ ಅವನ ಪರವಾಗಿ ಮೊಹೊರಿ ಬೀಬಿಯೆಂಬಾಕೆಯು ಮುಂದುವರಿಸಿದ ಈ ವ್ಯಾಜ್ಯ ಪ್ರೀವಿ ಕೌನ್ಸಿಲಿನವರೆಗೂ ಹೋಯಿತು; 1903ರಲ್ಲಿ ಹೊರಬಿದ್ದ ತೀರ್ಪು, ಅಪ್ರಾಪ್ತನ ಕರಾರು ಹುಟ್ಟಿನಿಂದಲೇ ಅಸಿಂಧುವೆಂದು ಸಾರಿತು, ಕೊಟ್ಟ ಹಣವನ್ನು ಹಿಂದಿರುಗಿಸಬೇಕೆಂದೂ ವಿಧಿಸಲಿಲ್ಲ. ಇಂದಿಗೂ ಬ್ಯಾಂಕುಗಳು ಹದಿನೇಳರ ಹರೆಯದವನ ಹೆಸರಿನಲ್ಲಿ ಸ್ವತಂತ್ರವಾದ ಕ್ರೆಡಿಟ್ ಕಾರ್ಡನ್ನು ಕೊಡದಿರುವುದಕ್ಕೆ ಈ ನ್ಯಾಯವೇ ಮೂಲ; ಎಳೆಯ ಬುದ್ಧಿಯನ್ನು ಋಣದಿಂದ ಕಾಯುವ ಈ ಗೋಡೆಯನ್ನು ನಾನು ಗೌರವದಿಂದಲೇ ಕಾಣುತ್ತೇನೆ.

ಉಳಿದಿರುವುದು ಹೆತ್ತವರ ಖಾತೆಗೆ ಅಂಟಿಕೊಂಡು ಬರುವ ಆಡ್-ಆನ್ ಕಾರ್ಡು. ಇದಕ್ಕೆ ಬೇಕಾದ ವಯಸ್ಸನ್ನು ಆಯಾ ಬ್ಯಾಂಕೇ ಗೊತ್ತುಮಾಡುವುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಕಾರ್ಡು ಮಗಳ ಕೈಯಲ್ಲಿದ್ದರೂ ಹೊಣೆಯೆಲ್ಲ ಮೂಲ ಕಾರ್ಡುದಾರರದೇ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ತಿಂಗಳಿಗೆ ನೂರಕ್ಕೆ 3.5ರಂತೆ ಬಡ್ಡಿ ಬಿದ್ದರೆ, 10,000 ರೂಪಾಯಿಯ ಬಾಕಿಗೆ ಚಕ್ರಬಡ್ಡಿಯನ್ನು ಬಿಟ್ಟರೂ ವರ್ಷಕ್ಕೆ 4,200 ರೂಪಾಯಿಯಾಗುತ್ತದೆ. ಕಾರ್ಡನ್ನು ಕೈಗಿಡುವ ಮೊದಲು ಈ ಲೆಕ್ಕವನ್ನು ಮಗುವಿನ ಮುಂದೆ ಕಾಗದದ ಮೇಲೆ ಬರೆದು ತೋರಿಸಬೇಕೆಂದು ನಾನು ಬೇಡಿಕೊಳ್ಳುತ್ತೇನೆ.

ನನ್ನ ಮನಸ್ಸಾದರೋ ಉಳಿತಾಯ ಖಾತೆಯ ಕಡೆಗೇ ಒಲಿಯುತ್ತದೆ. 2025ರ ಏಪ್ರಿಲ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಂತೆ, 10 ವರ್ಷ ತುಂಬಿದ ಮಕ್ಕಳು, ಬ್ಯಾಂಕು ವಿಧಿಸಿದ ಮಿತಿಗೊಳಪಟ್ಟು, ತಾವೇ ಖಾತೆಯನ್ನು ತೆರೆದು ನಡೆಸಬಹುದು; ಬ್ಯಾಂಕಿಗೆ ಸಮ್ಮತವಾದರೆ ಎಟಿಎಂ ಕಾರ್ಡನ್ನೂ ಪಡೆಯಬಹುದು. ಇದ್ದುದಕ್ಕಿಂತ ಹೆಚ್ಚು ತೆಗೆಯಲು ಆ ಖಾತೆಯಲ್ಲಿ ಎಡೆಯಿಲ್ಲ. ಹದಿನೆಂಟು ತುಂಬಿದಾಗ ಬ್ಯಾಂಕು ಆ ಹುಡುಗನನ್ನು ಕರೆದು ಮಾದರಿ ರುಜುವನ್ನು ಹೊಸದಾಗಿ ಪಡೆಯುತ್ತದೆ. ಸಾಲದ ಕಾಗದಕ್ಕೆ ಕಾನೂನು ಒಪ್ಪುವ ಅವನ ರುಜುವೂ ಅಂದಿನಿಂದಲೇ ಮೊದಲಾಗುತ್ತದೆ.