ಕೋಬೆಯ ಗಲ್ಲಿಯಲ್ಲಿ ವಿಯೆಟ್ನಾಮಿನ ಸೊಪ್ಪು

ಜಪಾನಿನ ಕೋಬೆ ನಗರದ ಸನ್ನೊಮಿಯಾದಲ್ಲಿ ಪಶ್ಚಿಮಕ್ಕೆ ಹೋಗುವ ಲೋಕಲ್ ರೈಲು ಹತ್ತಿದರೆ ನಾಲ್ಕನೆಯ ನಿಲ್ದಾಣ ಶಿನ್-ನಗತಾ. ಇಳಿದು ಹೊರಗೆ ಬಂದವರ ಕಣ್ಣು ಮೊದಲು ಹೋಗುವುದು ಪಾರ್ಕಿನಲ್ಲಿ ಮುಷ್ಟಿ ಚಾಚಿ ನಿಂತ ದೈತ್ಯ ರೋಬೋಟಿನ ಕಡೆಗೆ. ಹಳೆಯ ಕಾಮಿಕ್ಸ್ ಒಂದರ ನಾಯಕ ಅದು. 1995ರ ಭೂಕಂಪದಲ್ಲಿ ನೆಲಕಚ್ಚಿದ ಈ ಬಡಾವಣೆಗೆ ಜನ ಮತ್ತೆ ಬರಲಿ ಎಂದು 2009ರಲ್ಲಿ ನಿಲ್ಲಿಸಿದ್ದಾರೆ. ಹೆಚ್ಚಿನ ಪ್ರವಾಸಿಗಳು ಅದರ ಕಾಲಬುಡದಲ್ಲಿ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ನಾನು ಹೊರಟದ್ದು ಅಲ್ಲಿಂದ ಮುಂದಕ್ಕೆ, ತಕತೋರಿ ನಿಲ್ದಾಣದ ದಿಕ್ಕಿನ ಗಲ್ಲಿಗಳಿಗೆ. ವಿಯೆಟ್ನಾಮಿನ ಅಡುಗೆ ಸಾಮಾನು ಮಾರುವ ಅಂಗಡಿಗಳು ಇರುವುದು ಆ ಕಡೆ.

ಮಾಡು ಹೊದಿಸಿದ ಮಾರುಕಟ್ಟೆ ಬೀದಿ ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ. ಕೆಲವು ಮನೆಗಳ ಕೆಳಮಹಡಿಯೇ ಕಾರ್ಖಾನೆ. ಅರ್ಧ ಎತ್ತಿದ ಶಟರಿನೊಳಗಿಂದ ಹೊಲಿಗೆ ಯಂತ್ರದ ಸದ್ದು ಬರುತ್ತದೆ. ಒಂದು ಕಡೆ ಅಂಟಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಕೃತಕ ಚರ್ಮದ ಪಾದರಕ್ಷೆಗೆ ಈ ನಗತಾ ಬಡಾವಣೆ ಇಡೀ ಜಪಾನಿಗೆ ಹೆಸರಾದ ಜಾಗ. ವಿಯೆಟ್ನಾಮಿನವರು ಇಲ್ಲಿ ನೆಲೆಯಾಗಲು ಈ ಕಸುಬೇ ಕಾರಣ. 1975ರಲ್ಲಿ ಯುದ್ಧ ಮುಗಿದ ನಂತರ ದೋಣಿ ಹತ್ತಿ ದೇಶ ಬಿಟ್ಟವರಲ್ಲಿ ಕೆಲವರನ್ನು ಜಪಾನು ಒಳಗೆ ಬಿಟ್ಟುಕೊಂಡಿತು. ಅವರಿಗೆ ಭಾಷೆ ಕಲಿಸಿ ಕೆಲಸಕ್ಕೆ ಹಚ್ಚುವ ಕೇಂದ್ರವೊಂದು ಇಲ್ಲಿಂದ ಪಶ್ಚಿಮಕ್ಕೆ, ಹಿಮೆಜಿಯಲ್ಲಿ, 1979ರಿಂದ 1996ರವರೆಗೆ ಇತ್ತು. ಅಲ್ಲಿಂದ ಹೊರಬಿದ್ದವರಿಗೆ ಹತ್ತಿರದಲ್ಲಿ ಸಿಕ್ಕಿದ್ದು ಶೂ ಹೊಲಿಯುವ, ಅಂಟಿಸುವ ಕೆಲಸ. ಮಾತು ಹೆಚ್ಚು ಬಾರದಿದ್ದರೂ ಕೈ ಓಡಿದರೆ ಸಾಕಿತ್ತು.

1995ರ ಜನವರಿ 17ರ ನಸುಕಿನ ಭೂಕಂಪದಲ್ಲಿ ಈ ಪ್ರದೇಶ ಕುಸಿದದ್ದಷ್ಟೇ ಅಲ್ಲ, ಹೊತ್ತಿ ಉರಿಯಿತು. ಇಲ್ಲಿನ ಚರ್ಚೂ ಸುಟ್ಟುಹೋಯಿತು. ಅದೇ ಜಾಗದಲ್ಲಿ 58 ಕಾಗದದ ಕೊಳವೆಗಳನ್ನು ಕಂಬವಾಗಿ ನಿಲ್ಲಿಸಿ ಕಟ್ಟಿದ ತಾತ್ಕಾಲಿಕ ಸಭಾಂಗಣ ಹತ್ತು ವರ್ಷ ಬಾಳಿತು. ಆಮೇಲೆ ಅದನ್ನು ಬಿಚ್ಚಿ ತೈವಾನಿಗೆ ಕೊಂಡೊಯ್ದರು. ಅಂಗಡಿಗೆ ಹೋಗುವ ಮೊದಲು ಈ ಸುತ್ತಿನಲ್ಲಿ ಒಮ್ಮೆ ನಡೆಯಿರಿ ಎನ್ನುತ್ತೇನೆ. ಒಳಗೆ ಕಾಣುವ ಡಬ್ಬಿ, ಪೊಟ್ಟಣಗಳ ಹಿಂದೆ ಎಂಥ ಬದುಕಿದೆ ಎಂಬ ಅಂದಾಜು ಸಿಗುತ್ತದೆ.

ನಾನು ಹೊಕ್ಕ ಅಂಗಡಿಯ ಬೋರ್ಡು ವಿಯೆಟ್ನಾಮೀಸ್‌ನಲ್ಲೇ ಇತ್ತು. ಬಾಗಿಲಲ್ಲಿ ಸಿಮ್ ಕಾರ್ಡಿನ ಜಾಹೀರಾತು, ಊರಿಗೆ ಹಣ ಕಳಿಸುವ ಸೇವೆಯ ಜಾಹೀರಾತು, ಅವುಗಳ ಪಕ್ಕದಲ್ಲೇ ಕೆಂಪಕ್ಷರದ ಒಂದು ಎಚ್ಚರಿಕೆ. ಓದಲು ಬರದಿದ್ದರೂ ಸಾಸೇಜಿನ ಚಿತ್ರದ ಮೇಲೆ ಎಳೆದ ಅಡ್ಡಗೆರೆಯಿಂದ ವಿಷಯ ತಿಳಿಯಿತು. ಹೊರದೇಶದಿಂದ ಮಾಂಸ ಮತ್ತು ಮಾಂಸದ ತಿನಿಸು ತರುವಂತಿಲ್ಲ. ತಂದು ಸಿಕ್ಕಿಬಿದ್ದರೆ 3 ವರ್ಷದವರೆಗೆ ಸೆರೆ ಇಲ್ಲವೇ 30 ಲಕ್ಷ ಯೆನ್‌ವರೆಗೆ ದಂಡ. 2019ರಲ್ಲಿ ವಿಯೆಟ್ನಾಮಿನ ಹಂದಿಗಳಿಗೆ ಆಫ್ರಿಕನ್ ಹಂದಿ ಜ್ವರ ತಗುಲಿದ ಮೇಲೆ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಬಿಗಿಯಾಗಿದೆ. ಒಳಗೆ ಕಂಡದ್ದರಲ್ಲಿ ಅರ್ಧಕ್ಕರ್ಧ ಅರ್ಥವಾದದ್ದು ಈ ಎಚ್ಚರಿಕೆಯಿಂದ.

ಮೊದಲ ಸಾಲಿನಲ್ಲಿ ಬಾಟಲಿಗಳು. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಬಸಿದ ನೂಕ್ ಮಾಮ್ ಎಂಬ ರಸ ಇಲ್ಲದೆ ವಿಯೆಟ್ನಾಮಿನ ಅಡುಗೆಯೇ ಇಲ್ಲ. ಬಾಟಲಿಯ ಮೇಲೆ 30, 35, 40 ಎಂಬ ಅಂಕಿಗಳಿವೆ. ಅವು ಬೆಲೆಯೋ ವರ್ಷವೋ ತಿಳಿಯದೆ ಗಲ್ಲಾದಲ್ಲಿದ್ದ ಹಿರಿಯ ಹೆಂಗಸನ್ನು ಕೇಳಿದೆ. ಒಂದು ಲೀಟರಿನಲ್ಲಿ ಎಷ್ಟು ಗ್ರಾಂ ಸಾರಜನಕ ಇದೆ ಎಂಬ ಲೆಕ್ಕವಂತೆ. ಅಂಕಿ ಏರಿದಷ್ಟೂ ಮೀನಿನ ಸತ್ವ ಹೆಚ್ಚು, ಬೆಲೆಯೂ ಹೆಚ್ಚು. "ಅದ್ದಿಕೊಂಡು ತಿನ್ನುವುದಕ್ಕೆ ನಲವತ್ತರದ್ದು ತೆಗೆದುಕೊಳ್ಳಿ. ಒಲೆ ಮೇಲಿಡುವುದಕ್ಕೆ ಅಷ್ಟೆಲ್ಲ ಬೇಡ, ದುಡ್ಡು ದಂಡ" ಎಂದರು.

ಮುಂದಿನ ಕಪಾಟಿನಲ್ಲಿ ಅಕ್ಕಿಯದೇ ಸಾಮ್ರಾಜ್ಯ. ಫೋ ಎಂಬ ಸಾರಿಗೆ ಬೇಕಾದ ಚಪ್ಪಟೆ ಶಾವಿಗೆ, ದುಂಡನೆಯ ಬೂನ್ ಶಾವಿಗೆ, ಸುರುಳಿ ಕಟ್ಟಲು ಬಳಸುವ ತೆಳ್ಳನೆಯ ಅಕ್ಕಿ ಹಾಳೆ. ಒಂದು ಪೊಟ್ಟಣವನ್ನು ದೀಪಕ್ಕೆ ಹಿಡಿದು ನೋಡಿದೆ. ಹಾಳೆಯ ತುಂಬ ಅಡ್ಡ, ಉದ್ದ, ಓರೆ ಗೆರೆಗಳು ಹೆಣೆದುಕೊಂಡಿವೆ. ಯಂತ್ರ ಒತ್ತಿದ ಅಲಂಕಾರ ಅಂದುಕೊಳ್ಳಬೇಕು, ಹಾಗಿದೆ. ಅಸಲಿಗೆ ಅದು ಬಿದಿರ ತಟ್ಟಿಯ ಅಚ್ಚು. ಆವಿಯಲ್ಲಿ ಬೆಂದ ಹಸಿ ಹಾಳೆಯನ್ನು ತಟ್ಟಿಯ ಮೇಲೆ ಹರಡಿ ಬಿಸಿಲಿಗಿಟ್ಟಾಗ ನೇಯ್ಗೆ ಹಾಗೆಯೇ ಮೂಡುತ್ತದೆ. ಪೊಟ್ಟಣದ ಹಿಂದೆ ಬಿಳಿ ಚೀಟಿ. ಏನೇನು ಹಾಕಿದ್ದಾರೆ, ಯಾರು ತರಿಸಿದ್ದಾರೆ, ಎಲ್ಲಿಯವರೆಗೆ ತಿನ್ನಬಹುದು ಎಲ್ಲವೂ ಜಪಾನಿ ಭಾಷೆಯಲ್ಲಿ. ಹೊರಗಿಂದ ಬಂದ ಪ್ರತಿ ಸಾಮಾನಿಗೂ ಇದು ಕಡ್ಡಾಯ.

ಇನ್‌ಸ್ಟಂಟ್ ನೂಡಲ್ಸಿನ ಗುಲಾಬಿ ಬಣ್ಣದ ಪ್ಯಾಕೆಟ್ಟುಗಳು ರಟ್ಟಿನ ಪೆಟ್ಟಿಗೆ ಸಮೇತ ನೆಲದ ಮೇಲಿದ್ದವು. ಸೀಗಡಿಯ ಹುಳಿ-ಖಾರದ ಈ ಹಾವೊ ಹಾವೊ ವಿಯೆಟ್ನಾಮಿನ ಮನೆಮನೆಯ ತಿಂಡಿ. ಅದನ್ನು ಅಲ್ಲಿ ತಯಾರಿಸುವುದು ಒಸಾಕಾ ಮೂಲದ ಒಂದು ಕಂಪನಿ! ಕೋಬೆಯ ನೆರೆಯೂರಿನ ಕಂಪನಿ ಅಲ್ಲಿಗೆ ಹೋಗಿ, ಅಲ್ಲಿನ ನಾಲಗೆಗೆ ತಕ್ಕಂತೆ ಮಾಡಿದ್ದು ಈಗ ಅಲ್ಲಿನ ಜನರಿಗಾಗಿ ಕೋಬೆಗೆ ಬಂದು ಕೂತಿದೆ. ಕಾಫಿಪುಡಿ, ಗಟ್ಟಿ ಸಿಹಿ ಹಾಲಿನ ಡಬ್ಬಿ, ಲೋಟದ ಮೇಲೆ ಕೂರಿಸುವ ಪುಟ್ಟ ಫಿಲ್ಟರ್ ಆಚೆ ತುದಿಯಲ್ಲಿವೆ. ಕೊಡಗು, ಸಕಲೇಶಪುರದ ಕಡೆಯವರಿಗೆ ಆ ರೋಬಸ್ಟಾದ ಘಾಟು ಹೇಳಿಕೊಡಬೇಕಿಲ್ಲ.

ಹಿಂದಿನ ಗೋಡೆಯುದ್ದಕ್ಕೂ ಫ್ರೀಜರುಗಳು. ಬಾಳೆಎಲೆ, ತೊಳೆ ಬಿಡಿಸಿದ ಹಲಸು, ತುರಿದ ಮರಗೆಣಸು, ಹೆಸರು ತಿಳಿಯದ ಹೊಳೆಮೀನುಗಳು. ಒಂದು ಫ್ರೀಜರಿನ ತುಂಬ ತಲೆ, ಕಾಲು ಸಮೇತ ಇಡಿಯಾಗಿ ಮಡಚಿಟ್ಟ ಕೋಳಿಗಳು. ಮೊಟ್ಟೆ ಇಡುವುದು ಮುಗಿದ ಮುದಿ ಕೋಳಿಗಳಿವು. ಜಪಾನಿನ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವುದು ಮೂಳೆ ತೆಗೆದ ಮೆತ್ತನೆಯ ತುಂಡು. ಅಗಿದು ತಿನ್ನುವ, ಕುದಿಸಿದರೆ ಸಾರಿಗೆ ಸತ್ವ ಬಿಡುವ ಕೋಳಿಯೇ ಬೇಕೆನ್ನುವವರಿಗೆ ಅದು ಸಪ್ಪೆ. ನಾಟಿ ಕೋಳಿಗಾಗಿ ಸಂತೆ ಹುಡುಕಿಕೊಂಡು ಹೋಗುವ ನಮ್ಮವರಿಗೆ ಈ ಹಟ ಅರ್ಥವಾಗುತ್ತದೆ. ಇಬ್ಬರು ಹುಡುಗರು ನಾಲ್ಕು ಕೋಳಿ ಆರಿಸಿ ಬುಟ್ಟಿಗೆ ಹಾಕಿಕೊಂಡರು. ಕೆಲಸದ ಸಮವಸ್ತ್ರದಲ್ಲೇ ಇದ್ದರು. ತರಬೇತಿ ವೀಸಾದಲ್ಲಿ ಕಾರ್ಖಾನೆಗೆ, ಕಟ್ಟಡ ಕೆಲಸಕ್ಕೆ ಬಂದ ಇಂಥವರಿಂದಲೇ ಜಪಾನಿನಲ್ಲಿ ವಿಯೆಟ್ನಾಮಿನವರ ಸಂಖ್ಯೆ 2024ರ ಕೊನೆಗೆ 6 ಲಕ್ಷ 30 ಸಾವಿರ ದಾಟಿದೆ. ದೋಣಿಯಲ್ಲಿ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯವರೇ ಆಗಿಹೋದ ಹೊತ್ತಿಗೆ ಅಂಗಡಿಗೆ ಹೊಸ ಗಿರಾಕಿಗಳು ಸಿಕ್ಕಿದ್ದು ಹೀಗೆ.

ನಾನು ಬಹಳ ಹೊತ್ತು ನಿಂತದ್ದು ಗಾಜಿನ ಬಾಗಿಲಿನ ತಂಪು ಪೆಟ್ಟಿಗೆಯ ಮುಂದೆ. ಸೊಪ್ಪುಗಳು ಅಲ್ಲಿದ್ದವು. ಹೆಸರೆಲ್ಲ ವಿಯೆಟ್ನಾಮೀಸ್, ಎಲೆಗಳನ್ನು ನೋಡಿದರೆ ಅರ್ಧಕ್ಕೂ ಹೆಚ್ಚು ಪರಿಚಿತ ಮುಖಗಳು. ದಪ್ಪ ಹಸಿರೆಲೆಯ ಕಟ್ಟು ಸಾಕ್ಷಾತ್ ಬಸಳೆ. ಅದರ ಪಕ್ಕ ಚಕ್ರಮುನಿ ಸೊಪ್ಪು. ಕೆಳಗಿನ ತಟ್ಟೆಯಲ್ಲಿ ಒಂದೆಲಗ. ನಾವು ತಂಬುಳಿ ಮಾಡಿದರೆ ಅವರು ಸಕ್ಕರೆ ಹಾಕಿ ರುಬ್ಬಿ, ಸೋಸಿ ತಣ್ಣಗೆ ಕುಡಿಯುತ್ತಾರೆ. ಮಜ್ಜಿಗೆ ಹುಲ್ಲನ್ನು ಬುಡದ ಗೆಣ್ಣು ಬಿಟ್ಟು ಕತ್ತರಿಸಿ ಕಟ್ಟಿದ್ದರು. ಎಲೆಗಿಂತ ಆ ಬಿಳಿ ಬುಡವೇ ಅವರಿಗೆ ಮುಖ್ಯ. ಕೆಸುವಿನ ಜಾತಿಯ ದಂಟೂ ಇತ್ತು, ಹುಣಸೆಹುಳಿ ಹಿಂಡಿದ ಮೀನಿನ ಸಾರಿಗೆ. ಅಂಚಿನಲ್ಲಿ ಗರಗಸದ ಹಲ್ಲಿರುವ ಉದ್ದನೆಯ ಎಲೆ ಯಾವುದೆಂದು ನೋಟಕ್ಕೆ ಹೊಳೆಯಲಿಲ್ಲ. ಮೂಸಿದರೆ ಕೊತ್ತಂಬರಿ, ಅದೂ ನಮ್ಮ ಕೊತ್ತಂಬರಿಗಿಂತ ಜೋರು.

ಇನ್ನೊಂದು ಎಲೆ ಹೃದಯದ ಆಕಾರದ್ದು, ಹಸಿ ಮೀನಿನ ವಾಸನೆಯದು. ಇದನ್ನು ಬರುವ ದಾರಿಯಲ್ಲೇ ಕಂಡಿದ್ದೆ, ಚರಂಡಿಯ ಪಕ್ಕ ಕಳೆಯಾಗಿ ಬೆಳೆದಿತ್ತು. ಜಪಾನಿನವರು ಇದನ್ನು ದೊಕುದಾಮಿ ಎನ್ನುತ್ತಾರೆ, ಒಣಗಿಸಿ ಕಷಾಯ ಕಾಸುತ್ತಾರೆ. ವಿಯೆಟ್ನಾಮಿನವರಿಗೆ ಅದು ಹಸಿಯಾಗಿ ತಿನ್ನುವ ಸೊಪ್ಪು. ಒಂದೇ ಗಲ್ಲಿಯಲ್ಲಿ ಹೊರಗೆ ಕಳೆ, ಒಳಗೆ ತೂಕಕ್ಕೆ ಮಾರುವ ಸಾಮಾನು.

ಇವೆಲ್ಲ ಅಲ್ಲಿಂದ ವಿಮಾನದಲ್ಲಿ ಬರುತ್ತವೆಯೇ ಎಂದು ಕೇಳಿದೆ. ಹಿರಿಯ ಹೆಂಗಸು ಕೈಯಾಡಿಸಿ, "ಇಲ್ಲಪ್ಪ, ಎಲ್ಲ ಇಲ್ಲಿನದೇ. ನಮ್ಮವರೇ ಹೊಲ ಗೇಣಿಗೆ ಹಿಡಿದು ಬೆಳೆಯುತ್ತಾರೆ" ಎಂದರು. ಪೊಳ್ಳು ದಂಟಿನ ರಾವ್ ಮೂಂಗ್ ಸೊಪ್ಪಿನ ಕಟ್ಟನ್ನು ಎತ್ತಿ ತೋರಿಸಿದರು. ಗೆಣಸಿನ ಜಾತಿಯ ಬಳ್ಳಿ ಅದು. ಗೆಣಸು ಕೊರೆಯುವ ಮೂತಿಹುಳು ಅದರ ಜೊತೆ ಬಂದೀತೆಂಬ ಭಯಕ್ಕೆ ವಿಯೆಟ್ನಾಮಿನಿಂದ ಹಸಿಯಾಗಿ ತರುವಂತಿಲ್ಲ. ಜಪಾನಿನದೇ ಆದ ಒಕಿನಾವಾ ದ್ವೀಪಗಳಿಂದಲೂ ಇತ್ತ ಸಾಗಿಸುವಂತಿಲ್ಲ. ಹಸಿ ಹಣ್ಣುಗಳಿಗೂ ನೊಣದ ಹುಳುವಿನ ಕಾರಣದಿಂದ ಇಂಥದೇ ತಡೆ. ವಿಯೆಟ್ನಾಮಿನ ಹಸಿ ಲಿಚಿ ಜಪಾನಿಗೆ ಮೊದಲು ಬಂದದ್ದು 2020ರಲ್ಲಿ.

ಆಗ ಅಂಗಡಿಯನ್ನು ಇನ್ನೊಮ್ಮೆ ಕಣ್ಣಾಡಿಸಿ ನೋಡಿದೆ. ಒಣಗಿದ್ದು, ಬಾಟಲಿಯಲ್ಲಿದ್ದದ್ದು, ಕೋಳಿ ಬಿಟ್ಟು ಉಳಿದ ಮಂಜುಗಟ್ಟಿದ್ದು ಹಡಗಿನಲ್ಲಿ ಬಂದಿದೆ. ಹಸಿಯಾದದ್ದು, ಅಂದರೆ ತಟ್ಟೆಗೆ ಊರಿನ ಪರಿಮಳ ಕೊಡುವಂಥದ್ದು, ಬಹುಪಾಲು ಇಲ್ಲೇ ಆಗಿದೆ. ಗಲ್ಲಾದ ಪಕ್ಕ ಬಾಳೆಎಲೆಯಲ್ಲಿ ಬಿಗಿದು ಕಟ್ಟಿದ ಜೊ ಲುವಾ ಇತ್ತು. ಹಂದಿಮಾಂಸವನ್ನು ಬೆಣ್ಣೆಯಷ್ಟು ನುಣ್ಣಗೆ ಅರೆದು, ನೂಕ್ ಮಾಮ್ ಬೆರೆಸಿ, ಎಲೆಯಲ್ಲಿ ಸುತ್ತಿ ಬೇಯಿಸಿದ ಉರುಳೆ. ಬಾಗಿಲಿನ ಕೆಂಪಕ್ಷರದ ಪ್ರಕಾರ ಇದು ಹೊರಗಿಂದ ಬರುವಂತೆಯೇ ಇಲ್ಲ. ಜಪಾನಿನ ಮಾಂಸ, ಫ್ರೀಜರಿನಲ್ಲಿ ಬಂದ ಎಲೆ, ಈ ಓಣಿಯ ಕೈ. ಇಂಥ ಅಂಗಡಿಯನ್ನು ಆಮದು ಅಂಗಡಿ ಎಂದು ಕರೆದು ಮುಗಿಸುವುದು ನನಗೆ ಸರಿಕಾಣುವುದಿಲ್ಲ. ಮನೆಯ ಅಡುಗೆಯನ್ನು ಬಿಟ್ಟುಕೊಡಲಾರದ ಜನ ಅದರ ಅತಿ ಸೂಕ್ಷ್ಮ ಭಾಗವನ್ನು ಪರದೇಶದ ಮಣ್ಣಿನಲ್ಲಿ, ಅಲ್ಲಿನ ಕಾಯಿದೆಯೊಳಗೇ ಮರಳಿ ಕಟ್ಟಿಕೊಂಡಿದ್ದಾರೆ. ಅಮೆರಿಕದ ಹಿತ್ತಲಲ್ಲಿ ಬಸಳೆ ಹಬ್ಬಿಸುವ, ಕುಂಡದ ಕರಿಬೇವನ್ನು ಚಳಿಗಾಲಕ್ಕೆ ಮನೆಯೊಳಗೆ ಎತ್ತಿಡುವ ನಮ್ಮ ಮಂದಿ ಮಾಡುತ್ತಿರುವುದೂ ಇದನ್ನೇ.

ಲೆಕ್ಕ ಮಾಡಿಸುವಾಗ ಗಲ್ಲಾದ ಮೇಲೆ ಬಿಸಿ ಪೆಟ್ಟಿಗೆಯಲ್ಲಿ ಬ್ರೆಡ್ಡುಗಳು ಕಂಡವು. ಒಂದು ಬಾನ್ ಮಿ ಹೇಳಿದೆ. "ಒಯ್ಯುತ್ತೀರೋ, ಇಲ್ಲೇ ತಿನ್ನುತ್ತೀರೋ?" ಎಂದು ಕೇಳಿದರು. ಸುಮ್ಮನೆ ಕೇಳಿದ್ದಲ್ಲ. 2019ರ ಅಕ್ಟೋಬರಿನಿಂದ ಕಟ್ಟಿಸಿಕೊಂಡು ಹೋದರೆ ಶೇಕಡಾ 8ರಷ್ಟು ತೆರಿಗೆ, ಕೂತು ತಿಂದರೆ ಶೇಕಡಾ 10. ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ಉದ್ದನೆಯ ಬ್ರೆಡ್ಡನ್ನು ಸೀಳಿ, ಒಳಗೆ ಪಾತೇ ಎಂಬ ಮಾಂಸದ ಲೇಪ ಸವರಿ, ಅದೇ ಜೊ ಲುವಾದ ತೆಳು ಹೋಳುಗಳನ್ನು ಜೋಡಿಸಿ, ಸಿಹಿ ವಿನೆಗರಿನಲ್ಲಿ ನೆನೆದ ಕ್ಯಾರೆಟ್ಟು, ಮೂಲಂಗಿ, ಕೊತ್ತಂಬರಿಯ ಇಡೀ ಕಡ್ಡಿ, ಹಸಿಮೆಣಸು ತುಂಬಿದರು. ಮೆಣಸು ಎಷ್ಟು ಎಂದು ಕೇಳಿದವರಿಗೆ ಭಾರತದವನೆಂದು ಹೇಳಿದ ಮೇಲೆ ಮತ್ತೆ ಕೇಳಲಿಲ್ಲ, ಕೈತುಂಬ ಹಾಕಿದರು. ಬ್ರೆಡ್ಡಿನ ಹೊರಪದರ ಹಲ್ಲಿಗೆ ಸಿಕ್ಕ ಕೂಡಲೇ ಪುಡಿಯಾಗಿ ಉದುರಿತು. ಮೂಲಂಗಿಯ ಹುಳಿ ಹಂದಿಯ ಜಿಡ್ಡನ್ನು ಕಡಿದುಹಾಕಿತ್ತು. ಒಳ್ಳೆಯ ಊಟ.

ಹೋಗುವ ಮನಸ್ಸಿರುವವರಿಗೆ ಒಂದು ಮಾತು. ಒಂದೆಲಗ, ಬಸಳೆ, ರಾವ್ ಮೂಂಗ್ ಬೇಕಿದ್ದರೆ ಬೇಸಿಗೆಯಲ್ಲಿ ಹೋಗಿ. ಚಳಿಗಾಲದಲ್ಲಿ ಪಾಲಿಹೌಸಿನದ್ದೇ ಗತಿ, ಬೆಲೆಯೂ ಏರಿರುತ್ತದೆ. ಶನಿವಾರ ಮಧ್ಯಾಹ್ನದೊಳಗೆ ತಲುಪಿ. ಭಾನುವಾರ ಕಾರ್ಖಾನೆಗಳಿಗೆ ರಜೆ. ಸುತ್ತಮುತ್ತಲ ಊರುಗಳಿಂದಲೂ ಹುಡುಗ ಹುಡುಗಿಯರು ಬರುತ್ತಾರೆ, ಹತ್ತು ಗಂಟೆಯ ಹೊತ್ತಿಗೆ ತಂಪು ಪೆಟ್ಟಿಗೆ ಅರ್ಧ ಬರಿದಾಗಿರುತ್ತದೆ ಎಂದು ಅಂಗಡಿಯವರೇ ಹೇಳಿದರು.