ಹೀರೋಗೆ ಅಭಿಮಾನಿಗಳಿರ್ತಾರೆ, ಪೋಷಕ ನಟನಿಗೆ ಯಾರಿರ್ತಾರೆ? ಹಾಲಿವುಡ್ ಕಪ್ಪುಪಟ್ಟಿ ಮತ್ತು ಲಯನೆಲ್ ಸ್ಟ್ಯಾಂಡರ್

1961ರಲ್ಲಿ ಅಮೆರಿಕದಲ್ಲಿ 'ಬ್ಲಾಸ್ಟ್ ಆಫ್ ಸೈಲೆನ್ಸ್' ಅನ್ನೋ ಸಣ್ಣ ಬಜೆಟ್ಟಿನ ಕ್ರೈಮ್ ಸಿನಿಮಾ ಬಂತು. ಬಾಡಿಗೆ ಹಂತಕನೊಬ್ಬ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕಿಗೆ ಬರುವ ಕಥೆ. ಸಿನಿಮಾದುದ್ದಕ್ಕೂ ಒಂದು ಗೊಗ್ಗರು ದನಿ ಅವನ ಜೊತೆ ಮಾತಾಡುತ್ತಲೇ ಇರುತ್ತದೆ. ಆದರೆ ಟೈಟಲ್ ಕಾರ್ಡಿನಲ್ಲಿ ಆ ದನಿಯ ಒಡೆಯನ ಹೆಸರಿಲ್ಲ. ಆ ಮಾತುಗಳನ್ನು ಬರೆದ ವಾಲ್ಡೋ ಸಾಲ್ಟ್ ಹೆಸರೂ ಇಲ್ಲ, ಅದರ ಬದಲು 'ಮೆಲ್ ಡೇವನ್‌ಪೋರ್ಟ್' ಎಂಬ ಸುಳ್ಳು ಹೆಸರಿದೆ. ಇಬ್ಬರೂ ಹಾಲಿವುಡ್ಡಿನ ಕಪ್ಪುಪಟ್ಟಿಯಲ್ಲಿದ್ದವರು. ಆ ದನಿ ಲಯನೆಲ್ ಸ್ಟ್ಯಾಂಡರ್ ಎಂಬ ಪೋಷಕ ನಟನದ್ದು.

ಕಪ್ಪುಪಟ್ಟಿ ಅಂದ ಕೂಡಲೇ ಸಿನಿಮಾ ಪ್ರಿಯರಿಗೆ ನೆನಪಾಗೋದು ಡಾಲ್ಟನ್ ಟ್ರಂಬೋ ತರಹದ ಬರಹಗಾರರು. ಟ್ರಂಬೋ ಬೇರೆ ಹೆಸರಲ್ಲಿ ಬರೆದೂ ಬದುಕಿದ. 'ರಾಬರ್ಟ್ ರಿಚ್' ಎಂಬ ಹೆಸರಲ್ಲಿ ಬರೆದ 'ದಿ ಬ್ರೇವ್ ಒನ್' ಕಥೆಗೆ 1957ರಲ್ಲಿ ಆಸ್ಕರ್ ಕೂಡ ಬಂತು. ಆದರೆ ನಟ ಏನು ಮಾಡಬೇಕು? ಮುಖಕ್ಕೆ ಸುಳ್ಳು ಹೆಸರು ಇಡೋಕಾಗಲ್ಲ. ದೊಡ್ಡ ಸ್ಟಾರ್ ಆಗಿದ್ದರೆ ಅವನ ಮೇಲೆ ಸ್ಟುಡಿಯೋ ಹೂಡಿದ ದುಡ್ಡಿರುತ್ತದೆ, ಬೆನ್ನಿಗೆ ಅಭಿಮಾನಿಗಳಿರುತ್ತಾರೆ. ಪೋಷಕ ನಟನಿಗೆ ಅದೂ ಇಲ್ಲ. ಅವನ ಪಾತ್ರ ಮರುದಿನವೇ ಇನ್ನೊಬ್ಬನ ಪಾಲಾಗುತ್ತದೆ, ನೋಡುವವರಿಗೆ ಗೊತ್ತೇ ಆಗಲ್ಲ. ಸ್ಟ್ಯಾಂಡರ್ ಬದುಕು ನನಗೆ ಮುಖ್ಯ ಅನ್ನಿಸೋದು ಈ ಕಾರಣಕ್ಕೆ.

ಲಿಫ್ಟ್ ಕಾಯುತ್ತಾ ಹಾಕಿದ ಶಿಳ್ಳೆ

ಸ್ಟ್ಯಾಂಡರ್ ಹುಟ್ಟಿದ್ದು 1908ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಯಹೂದಿ ವಲಸಿಗರ ಮನೆಯಲ್ಲಿ. ಇಪ್ಪತ್ತರ ಆಸುಪಾಸಿನಲ್ಲಿ ರಂಗಭೂಮಿಗೆ ಬಂದ. ದಪ್ಪ ಹುಬ್ಬು, ಒರಟು ಮುಖ, ಜಲ್ಲಿಕಲ್ಲು ಉರುಳಿದಂಥ ದನಿ. ಹೀರೋ ಆಗುವ ಮುಖ ಅಲ್ಲ, ಆದರೆ ಒಮ್ಮೆ ಕೇಳಿದರೆ ಮರೆಯುವ ದನಿಯೂ ಅಲ್ಲ. ಫ್ರಾಂಕ್ ಕಾಪ್ರಾನ 'ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್' (1936) ಮತ್ತು ಅದರ ಮರುವರ್ಷದ 'ಎ ಸ್ಟಾರ್ ಈಸ್ ಬಾರ್ನ್' ನೋಡಿ. ಎರಡನೆಯದರಲ್ಲಿ ಸ್ಟುಡಿಯೋದ ಪ್ರಚಾರದ ಮನುಷ್ಯನಾಗಿ ಆತ ತೋರಿಸುವ ವಿಷ ಇವತ್ತಿಗೂ ಚುಚ್ಚುತ್ತದೆ.

ಕ್ಯಾಮೆರಾದಾಚೆ ಸ್ಟ್ಯಾಂಡರ್ ಬಾಯಿ ಮುಚ್ಚಿಕೊಂಡಿರುವ ಆಸಾಮಿಯಾಗಿರಲಿಲ್ಲ. ಕಲಾವಿದರ ಯೂನಿಯನ್ ಕಟ್ಟುವುದರಲ್ಲಿ ಮೊದಲಿಂದಲೂ ಇದ್ದ. ಸುಳ್ಳು ಅತ್ಯಾಚಾರದ ಆರೋಪದಲ್ಲಿ ಸಿಕ್ಕಿಕೊಂಡಿದ್ದ ಸ್ಕಾಟ್ಸ್‌ಬರೋದ ಕಪ್ಪು ಹುಡುಗರ ಪರ, ಸ್ಪೇನಿನಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡುತ್ತಿದ್ದವರ ಪರ ನಿಂತ. 1938ರ 'ನೋ ಟೈಮ್ ಟು ಮ್ಯಾರಿ' ಚಿತ್ರದ ಒಂದು ದೃಶ್ಯದಲ್ಲಿ ಲಿಫ್ಟ್‌ಗೆ ಕಾಯುತ್ತಾ ಆತ 'ಇಂಟರ್‌ನ್ಯಾಷನಲ್' ಹಾಡಿನ ಧಾಟಿಯನ್ನು ಶಿಳ್ಳೆ ಹಾಕುತ್ತಾನೆ. ದುಡಿಯುವವರ ಹೋರಾಟದ ಹಾಡು ಹಾಲಿವುಡ್ ಕಾಮಿಡಿಯೊಳಗೆ ಹಾಗೆ ನುಸುಳಿತು!

ಆದೇಶವೇ ಇಲ್ಲದ ನಿಷೇಧ

ಈ ಕಪ್ಪುಪಟ್ಟಿ ಹೇಗೆ ಕೆಲಸ ಮಾಡ್ತಿತ್ತು ಅನ್ನೋದನ್ನ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಇಂಥವರಿಗೆ ಕೆಲಸ ಕೊಡಬೇಡಿ ಅಂತ ಸರ್ಕಾರ ಯಾವ ಕಾನೂನನ್ನೂ ಮಾಡಲಿಲ್ಲ. 1947ರಲ್ಲಿ ಅಮೆರಿಕದ ಸಂಸತ್ತಿನ 'ಅಮೆರಿಕವಿರೋಧಿ ಚಟುವಟಿಕೆಗಳ ಸಮಿತಿ' ಹಾಲಿವುಡ್ ಮಂದಿಯನ್ನು ವಿಚಾರಣೆಗೆ ಕರೆಯಿತು. ಹತ್ತು ಮಂದಿ ಉತ್ತರ ಕೊಡಲು ನಿರಾಕರಿಸಿದರು, ಮುಂದೆ ಜೈಲಿಗೂ ಹೋದರು. ಅದೇ ನವೆಂಬರಿನಲ್ಲಿ ಸ್ಟುಡಿಯೋ ಮಾಲೀಕರು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಸಭೆ ಸೇರಿದರು. ಈ ಹತ್ತು ಮಂದಿಗೆ ಕೆಲಸವಿಲ್ಲ, ಗೊತ್ತಿದ್ದೂ ಯಾವ ಕಮ್ಯುನಿಸ್ಟನನ್ನೂ ಇಟ್ಟುಕೊಳ್ಳಲ್ಲ ಅಂತ ಹೇಳಿಕೆ ಕೊಟ್ಟರು.

ಅಂದರೆ, ಪ್ರಶ್ನೆ ಕೇಳಿದ್ದು ಸರ್ಕಾರದ ಕಡೆಯವರು, ಕೆಲಸ ಕಿತ್ತುಕೊಂಡಿದ್ದು ಕಂಪನಿಗಳು. ಸಮಿತಿಯನ್ನು ಕೇಳಿದರೆ ನಾವು ಯಾರನ್ನೂ ಕೆಲಸದಿಂದ ತೆಗೆದಿಲ್ಲ ಅನ್ನುತ್ತಿತ್ತು. ಸ್ಟುಡಿಯೋ ಕೇಳಿದರೆ ಈ ಪಾತ್ರಕ್ಕೆ ಬೇರೆಯವರು ಸಿಕ್ಕಿದ್ದಾರೆ ಅನ್ನುತ್ತಿತ್ತು. ಕೋರ್ಟಿಗೆ ಹೋಗೋಣ ಅಂದರೆ ಪ್ರಶ್ನಿಸಲು ಒಂದು ಆದೇಶ ಪತ್ರವಾದರೂ ಬೇಕಲ್ಲ? ಪಾರಾಗಲು ಇದ್ದದ್ದು ಒಂದೇ ದಾರಿ. ಸಮಿತಿಯ ಮುಂದೆ ಹೋಗಿ ಬೇರೆಯವರ ಹೆಸರು ಹೇಳೋದು.

1951ರಲ್ಲಿ ಮಾರ್ಕ್ ಲಾರೆನ್ಸ್ ಹಾಗೆ ಹೇಳಿದ. ಆತನೂ ಪೋಷಕ ನಟನೇ, ಗ್ಯಾಂಗ್‌ಸ್ಟರ್ ಪಾತ್ರಗಳಿಗೆ ಹೆಸರಾದವನು. ಹುಡುಗಿಯರ ಪರಿಚಯ ಆಗುತ್ತೆ ಅಂತ ಆಸೆ ತೋರಿಸಿ ನನ್ನನ್ನು ಕಮ್ಯುನಿಸ್ಟರ ಕಡೆ ಎಳೆದವನು ಸ್ಟ್ಯಾಂಡರ್ ಅಂದುಬಿಟ್ಟ. ಸ್ಟ್ಯಾಂಡರ್ ಅವನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ. ತನ್ನನ್ನೂ ವಿಚಾರಣೆಗೆ ಕರೆಯಿರಿ ಅಂತ ತಾನೇ ಸಮಿತಿಯನ್ನು ಕೇಳಿದ. ಸಮಿತಿ ಕರೆದದ್ದು ಎರಡು ವರ್ಷಗಳ ನಂತರ. ಅಷ್ಟು ಹೊತ್ತಿಗೆ ಸಿನಿಮಾ, ಟಿವಿ ಎರಡರ ಬಾಗಿಲೂ ಮುಚ್ಚಿತ್ತು.

ಸಮಿತಿಗೇ ತಿರುಗುಬಾಣ

1953ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಆ ವಿಚಾರಣೆ ನಡೆಯಿತು. ಮೊದಲು ಟಿವಿಯ ದೀಪಗಳನ್ನು ಆರಿಸಿ ಅಂದ. ತಾನು ಟಿವಿಯಲ್ಲಿ ಬರೋದು ಮನರಂಜನೆಗೆ ಇಲ್ಲವೇ ದಾನಧರ್ಮದ ಕೆಲಸಕ್ಕೆ, ಇದು ಎರಡೂ ಅಲ್ಲ ಅನ್ನೋದು ಆತನ ವಾದ. ಆಮೇಲೆ, ದೇಶದ್ರೋಹದ ಚಟುವಟಿಕೆ ನಡೆಸುವ ಒಂದು ಗುಂಪು ನನಗೆ ಗೊತ್ತು, ಹೆಸರು ಸಮೇತ ಹೇಳ್ತೀನಿ ಅಂದ. ಸಮಿತಿ ಕಿವಿ ನಿಮಿರಿಸಿತು. ಯಾರವರು? ಸರಿಯಾದ ವಿಚಾರಣೆಯಿಲ್ಲದೆ ಕಲಾವಿದರ ಅನ್ನ ಕಿತ್ತುಕೊಂಡು ಸಂವಿಧಾನವನ್ನೇ ಬುಡಮೇಲು ಮಾಡುತ್ತಿರುವ ಮತಾಂಧರು! ಬಾಣ ಯಾರತ್ತ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಅಧ್ಯಕ್ಷ ಹೆರಾಲ್ಡ್ ವೆಲ್ಡೆ ಬಾಯಿ ಮುಚ್ಚಿಸಲು ನೋಡಿದರು, ಆತ ನಿಲ್ಲಿಸಲಿಲ್ಲ. ಬೇರೆ ಯಾರ ಹೆಸರನ್ನೂ ಒಪ್ಪಿಸಲಿಲ್ಲ.

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ: ಶೀತಲ ಸಮರದ ಕಾಲ, ಸೋವಿಯತ್ ಗೂಢಚಾರರು ನಿಜಕ್ಕೂ ಇದ್ದರಲ್ಲ? ಇದ್ದರು. ಅಮೆರಿಕದ ಎಡಪಂಥೀಯರಲ್ಲಿ ಹಲವರು ಸ್ಟಾಲಿನ್ ಮಾಡಿದ್ದಕ್ಕೆ ಕಣ್ಣು ಮುಚ್ಚಿಕೊಂಡದ್ದೂ ನಿಜ. ಆದರೆ ಕಾಮಿಡಿ ಸಿನಿಮಾದಲ್ಲಿ ನಾಲ್ಕು ಡೈಲಾಗ್ ಹೇಳುವವನ ಹತ್ತಿರ ಕದಿಯಲು ಯಾವ ಗುಟ್ಟಿತ್ತು? ಗೂಢಚಾರರನ್ನು ಹಿಡಿಯೋಕೆ ಪೊಲೀಸರಿದ್ದರು, ಕೋರ್ಟುಗಳಿದ್ದವು. ಸಮಿತಿಗೆ ಬೇಕಿದ್ದದ್ದು ನಟರು ಎಲ್ಲರೆದುರು ತಲೆಬಾಗುವ ದೃಶ್ಯ ಅನ್ನೋದು ನನ್ನ ಅಭಿಪ್ರಾಯ.

ಮರಳಿ ಬಂದವನು, ಬಾರದವರು

ಮುಂದಿನ ವರ್ಷಗಳಲ್ಲಿ ಸ್ಟ್ಯಾಂಡರ್ ಹೊಟ್ಟೆಪಾಡಿಗೆ ಸೇರಿದ್ದು ಎಲ್ಲಿಗೆ ಗೊತ್ತಾ? ವಾಲ್ ಸ್ಟ್ರೀಟಿಗೆ! ಕಮ್ಯುನಿಸ್ಟ್ ಅಂತ ಹಣೆಪಟ್ಟಿ ಹಚ್ಚಿಸಿಕೊಂಡವನು ಷೇರು ಬ್ರೋಕರ್ ಆದ. 1964ರಲ್ಲಿ ಲಂಡನ್ನಿನಲ್ಲಿ ಬ್ರೆಕ್ಟ್ ನಾಟಕವೊಂದರಲ್ಲಿ ನಟಿಸಿದ. ಅದರ ನಿರ್ದೇಶಕ ಟೋನಿ ರಿಚರ್ಡ್‌ಸನ್ ಮರುವರ್ಷ 'ದಿ ಲವ್ಡ್ ಒನ್' ಸಿನಿಮಾಕ್ಕೂ ಕರೆದ. 1966ರಲ್ಲಿ ಪೊಲಾನ್ಸ್ಕಿಯ 'ಕುಲ್-ಡಿ-ಸ್ಯಾಕ್'. ಆಮೇಲೆ ರೋಮ್‌ನಲ್ಲಿ ನೆಲೆ, 1968ರಲ್ಲಿ ಸೆರ್ಜಿಯೋ ಲಿಯೋನೆಯ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್'. ಹೆಸರು ಹೇಳಿದ ಲಾರೆನ್ಸ್ ಕೂಡ ಅಮೆರಿಕ ಬಿಟ್ಟು ಇಟಲಿಯಲ್ಲೇ ಕೆಲಸ ಹುಡುಕಿಕೊಂಡ ಅನ್ನೋದನ್ನ ಗಮನಿಸಿ.

1979ರಿಂದ 84ರವರೆಗೆ 'ಹಾರ್ಟ್ ಟು ಹಾರ್ಟ್' ಎಂಬ ಟಿವಿ ಧಾರಾವಾಹಿಯಲ್ಲಿ ಮ್ಯಾಕ್ಸ್ ಆಗಿ ಸ್ಟ್ಯಾಂಡರ್ ಮನೆಮಾತಾದ, 1983ರಲ್ಲಿ ಗೋಲ್ಡನ್ ಗ್ಲೋಬ್ ಪಡೆದ. 1994ರಲ್ಲಿ ತೀರಿಕೊಂಡ. ಆ ಸಮಿತಿ 1975ರಲ್ಲೇ ರದ್ದಾಗಿತ್ತು.

ಇದನ್ನು ಗೆಲುವಿನ ಕಥೆಯಾಗಿ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ನಟನೊಬ್ಬನ ಒಳ್ಳೆಯ ವರ್ಷಗಳು, ನಲವತ್ಮೂರರಿಂದ ಐವತ್ತೈದರವರೆಗಿನ ವಯಸ್ಸು, ಹೆಚ್ಚುಕಮ್ಮಿ ಪೂರ್ತಿ ಹಾಳಾದವು. ಆತ ಉಳಿದದ್ದು ಗಟ್ಟಿ ಗುಂಡಿಗೆ ಮತ್ತು ಗಟ್ಟಿ ಆಯಸ್ಸಿನಿಂದ. ಆತನಂತೆಯೇ ಪೋಷಕ ನಟನಾಗಿದ್ದ ಜೆ. ಎಡ್ವರ್ಡ್ ಬ್ರೋಂಬರ್ಗ್ 1951ರಲ್ಲಿ 47ನೇ ವಯಸ್ಸಿಗೇ ಲಂಡನ್ನಿನಲ್ಲಿ ಸತ್ತ. 'ದಿ ಗೋಲ್ಡ್‌ಬರ್ಗ್ಸ್' ಧಾರಾವಾಹಿಯಿಂದ ಹೊರಹಾಕಲ್ಪಟ್ಟ ಫಿಲಿಪ್ ಲೋಬ್ 1955ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಒಂದು ಉದ್ಯಮದಲ್ಲಿ ಎಷ್ಟು ಭಯ ಇದೆ ಅಂತ ಅಳೆಯಲು ನಾವು ಸಾಮಾನ್ಯವಾಗಿ ಸ್ಟಾರ್‌ಗಳು ಮಾತಾಡ್ತಿದ್ದಾರಾ ಅಂತ ನೋಡ್ತೀವಿ. ಅದರ ಜೊತೆಗೆ, ಎರಡನೇ ಸಾಲಿನಲ್ಲಿ ಇದ್ದವರಲ್ಲಿ ಯಾರ ಫೋನು ಹೊಡೆದುಕೊಳ್ಳೋದು ನಿಂತಿದೆ ಅಂತಲೂ ನೋಡಬೇಕು. ಅವರಿಗೆ ನೋಟಿಸ್ ಬಂದಿರಲ್ಲ, ಸುದ್ದಿಯೂ ಆಗಿರಲ್ಲ. ನಾವೇ ಹೋಗಿ ಕೇಳಬೇಕು.