ಶ್ರಾವಕನ ಏಳು ಫಲಗಳು: ಗಣಿತಸಾರಸಂಗ್ರಹದ ಒಂದು ಉದ್ದೇಶಕ ಮತ್ತು ಪಾಠನಿರ್ಣಯ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹವು ವಿದ್ವಾಂಸರಿಗೆ ಸುಪರಿಚಿತವಾದ ಗ್ರಂಥ. ಅದರಲ್ಲಿ ಕೂಡುವ ಲೆಕ್ಕವನ್ನು ಅರಸಹೊರಟವರಿಗೆ ಮೊದಲಿಗೇ ಒಂದು ಅಚ್ಚರಿ ಎದುರಾಗುತ್ತದೆ. ಪರಿಕರ್ಮ ವ್ಯವಹಾರದ ಎಂಟು ಪರಿಕರ್ಮಗಳು ಪ್ರತ್ಯುತ್ಪನ್ನದಿಂದ, ಎಂದರೆ ಗುಣಾಕಾರದಿಂದ, ಆರಂಭವಾಗುತ್ತವೆ. ಪೂರ್ಣಸಂಖ್ಯೆಗಳ ಸರಳ ಸಂಕಲನಕ್ಕೆ ಅಲ್ಲಿ ಸೂತ್ರವಿಲ್ಲ. ಏಳನೆಯದಾಗಿ ಬರುವ ಸಂಕಲಿತವು ಶ್ರೇಢಿಯ ಮೊತ್ತವನ್ನು ಕುರಿತದ್ದು. ಕೂಡುವುದನ್ನು ಶಿಷ್ಯನು ಬಲ್ಲನೆಂದೇ ಆಚಾರ್ಯರು ಭಾವಿಸಿರಬೇಕು. ಕೂಡುವ ಲೆಕ್ಕವು ಮಾತಿನ ರೂಪದಲ್ಲಿ, ಇಂದಿನ ಪ್ರಾಥಮಿಕ ಶಾಲೆಯ ಹೇಳಿಕೆ ಲೆಕ್ಕದಂತೆಯೇ, ನಮಗೆ ದೊರೆಯುವುದು ಮುಂದಿನ ಕಲಾಸವರ್ಣ ವ್ಯವಹಾರದ ಭಾಗಜಾತಿಯಲ್ಲಿ.

ಅಲ್ಲಿಯ ಒಂದು ಉದ್ದೇಶಕದ ತಾತ್ಪರ್ಯ ಇಷ್ಟು: ಶ್ರಾವಕನೊಬ್ಬನು ಜಿನಪೂಜೆಗಾಗಿ ನೇರಳೆ, ನಿಂಬೆ, ಕಿತ್ತಳೆ, ತೆಂಗು, ಬಾಳೆ, ಮಾವು, ದಾಳಿಂಬೆ ಎಂಬ ಏಳು ಫಲಗಳನ್ನು ಕ್ರಮವಾಗಿ ಹೊನ್ನಿನ 1/2, 1/6, 1/12, 1/20, 1/30, 1/24, 1/8 ಭಾಗಗಳಿಗೆ ಕೊಂಡನು, ಇವುಗಳ ಯೋಗವೆಷ್ಟು? ನಾಲ್ಕನೆಯ ಫಲಕ್ಕೆ ಮೂಲದಲ್ಲಿರುವ ‘ಚೋಚ’ ಶಬ್ದಕ್ಕೆ ನಿಘಂಟುಗಳಲ್ಲಿ ಬೇರೆ ಅರ್ಥಗಳೂ ಉಂಟು. ಲೆಕ್ಕಕ್ಕೆ ಅದರಿಂದ ಬಾಧಕವಿಲ್ಲ. ನೇರಳೆಗೆ ಅರ್ಧ ಹೊನ್ನು ಎಂಬುದನ್ನು ನಂಬಿ ಆ ಕಾಲದ ಧಾರಣೆಯನ್ನು ನಿರ್ಣಯಿಸಹೊರಡುವುದು ಮಾತ್ರ ಸಲ್ಲದು.

ಇಂತಹ ಲೆಕ್ಕದಲ್ಲಿ ಕೂಡಬೇಕಾದದ್ದು ಯಾವುದು ಎಂಬುದನ್ನು ತಿಳಿಯುವುದೇ ಮೊದಲ ಕೆಲಸ. ಫಲಗಳು ಏಳು ಜಾತಿಯವು. ಅವುಗಳ ಸಂಖ್ಯೆಯನ್ನು ಹೇಳಿಲ್ಲ, ಕೇಳಿಯೂ ಇಲ್ಲ. ಏಳಕ್ಕೂ ಸಮಾನವಾದದ್ದು ಹೊನ್ನು ಒಂದೇ. ಆದುದರಿಂದ ಕೂಡತಕ್ಕದ್ದು ಹೊನ್ನಿನ ಭಾಗಗಳನ್ನು. ಆ ಭಾಗಗಳಿಗೂ ಛೇದಗಳು ಬೇರೆ ಬೇರೆಯಾಗಿರುವುದರಿಂದ ಅವನ್ನು ಸವರ್ಣಗೊಳಿಸಬೇಕು. ಛೇದಗಳನ್ನೆಲ್ಲ ಒಂದರೊಡನೊಂದು ಗುಣಿಸಿದರೆ 1,65,88,800 ಎಂಬ ಭಾರಿ ರಾಶಿ ಬರುತ್ತದೆ. ಈ ಶ್ರಮವನ್ನು ತಪ್ಪಿಸಲು ಆಚಾರ್ಯರು ‘ನಿರುದ್ಧ’ವನ್ನು ವಿಧಿಸಿದ್ದಾರೆ. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಅವುಗಳಿಂದ ಭಾಗಿಸಿ ಉಳಿದ ಲಬ್ಧಗಳನ್ನೂ ಗುಣಿಸಿದಾಗ ಬರುವುದೇ ನಿರುದ್ಧ. ಇಂದಿನ ಶಾಲೆಗಳಲ್ಲಿ ಇದನ್ನೇ ಲಘುತಮ ಸಾಮಾನ್ಯ ಅಪವರ್ತ್ಯವೆನ್ನುತ್ತಾರೆ. ಪ್ರಕೃತದಲ್ಲಿ ಅದು 120. ಇದನ್ನು ಆಯಾ ಛೇದದಿಂದ ಭಾಗಿಸಿದರೆ 60, 20, 10, 6, 4, 5, 15 ಎಂಬ ಅಂಶಗಳು ದೊರೆಯುತ್ತವೆ. ಕೂಡುತ್ತ ಹೋದರೆ 80, 90, 96, 100, 105, ಕೊನೆಗೆ 120. ನೂರಿಪ್ಪತ್ತರಲ್ಲಿ ನೂರಿಪ್ಪತ್ತು ಭಾಗ, ಅರ್ಥಾತ್ ಒಂದು ಹೊನ್ನು.

ಈ ‘ಒಂದು’ ಆಕಸ್ಮಿಕವಾಗಿ ಬಂದದ್ದಲ್ಲ. ಅದೇ ವ್ಯವಹಾರದಲ್ಲಿ, ಅಂಶವು ಒಂದಾಗಿರುವ ಭಿನ್ನಗಳ ಯೋಗವು ಒಂದೇ ಆಗುವಂತೆ ಛೇದಗಳನ್ನು ಕಂಡುಕೊಳ್ಳುವ ಕರಣಸೂತ್ರವೂ ಇದೆ. ಒಂದರಿಂದ ತೊಡಗಿ ಮೂರು ಮೂರರಿಂದ ಗುಣಿಸುತ್ತ ಹೋಗಿ, ಮೊದಲನೆಯದನ್ನು ಎರಡರಿಂದಲೂ ಕೊನೆಯದನ್ನು ಮೂರರ ಎರಡು ಭಾಗದಿಂದಲೂ ಗುಣಿಸಬೇಕು. ನಾಲ್ಕು ಭಿನ್ನಗಳಿಗೆ 1/2, 1/3, 1/9, 1/18 ಬರುತ್ತವೆ, ಯೋಗ ಒಂದು.

ಹಸ್ತಪ್ರತಿಗಳನ್ನು ಪರಿಶೋಧಿಸುವವರಿಗೆ ಈ ಒಂದು ಹೊನ್ನೇ ಒರೆಗಲ್ಲು. ಸಂಖ್ಯೆಗಳನ್ನು ಶ್ಲೋಕದಲ್ಲಿ ಮಾತಿನಿಂದಲೇ ಹೇಳಿದೆ. ‘ದ್ವಾದಶಾಂಶಕ’ ಎಂಬಲ್ಲಿ ಲಿಪಿಕಾರನೊಬ್ಬನು ಕೈತಪ್ಪಿ ‘ಷೋಡಶಾಂಶಕ’ ಎಂದು ಬರೆದನೆಂದು ಭಾವಿಸೋಣ. ಗುರುಲಘುಗಳು ಎರಡರಲ್ಲೂ ಸಮ, ಆದುದರಿಂದ ಛಂದಸ್ಸು ಆಕ್ಷೇಪಿಸದು, ವ್ಯಾಕರಣವೂ ಸುಮ್ಮನಿರುತ್ತದೆ. ಆದರೆ ಯೋಗವು 47/48ಕ್ಕೆ ಇಳಿದು ಹೊನ್ನು ಒಡೆಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವು ಲಿಪಿಕಾರನಿಂದಲ್ಲ, ಪಂಡಿತನಿಂದಲೇ ಒದಗಬಹುದು. ಮೊದಲ ಐದು ಛೇದಗಳಾದ 2, 6, 12, 20, 30 ಇವು 1×2, 2×3, 3×4, 4×5, 5×6 ಎಂಬ ಕ್ರಮದಲ್ಲಿವೆ. ಮುಂದೆ 42, 56 ಇರಬೇಕಾಗಿತ್ತು, 24 ಮತ್ತು 8 ಅಪಪಾಠವೆಂದು ತಿದ್ದಲು ಕೈ ತವಕಿಸುತ್ತದೆ. ಈ ಲೇಖಕನೂ ಒಮ್ಮೆ ಹಾಗೆಯೇ ಎಣಿಸಿದ್ದುಂಟು. ಹಾಗೆ ತಿದ್ದಿದರೆ ಯೋಗ 7/8 ಆಗುತ್ತದೆ. ಮೊದಲ ಐದರ ಯೋಗ 5/6. ಒಂದಕ್ಕೆ ಉಳಿಯುವುದು 1/6, ಎಂದರೆ 4/24. ಅದನ್ನು 1/24 ಮತ್ತು 3/24 ಎಂದು ಒಡೆದರೆ ಎರಡನೆಯದು 1/8 ಆಗುತ್ತದೆ. ಆಚಾರ್ಯರು ಕ್ರಮವನ್ನು ಬಿಟ್ಟದ್ದು ಹೊನ್ನನ್ನು ಪೂರ್ಣಗೊಳಿಸುವುದಕ್ಕಾಗಿಯೇ ಎಂದು ನನ್ನ ಅಭಿಪ್ರಾಯ.

ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ. ಇನ್ನು ಮುಂದೆ ಹೊಸ ಗರಿಗಳು ದೊರೆತಾಗ ಗಣಿತಭಾಗವನ್ನು ಓದುವವರು ಪಾಠಾಂತರವನ್ನು ಗುರುತಿಸುವ ಮೊದಲು ಲೆಕ್ಕವನ್ನು ಒಮ್ಮೆ ಮಾಡಿನೋಡುವುದು ಉಚಿತ. ಆದರೆ ಈ ಒರೆಗೂ ಮಿತಿಯುಂಟು. ನಿಂಬೆ ಕಿತ್ತಳೆಗಳು ಪ್ರತಿಯಲ್ಲಿ ಸ್ಥಾನಪಲ್ಲಟವಾಗಿದ್ದರೆ ಯೋಗವು ಬದಲಾಗದು. ಅಲ್ಲಿ ಪ್ರತಿಗಳನ್ನು ಪರಸ್ಪರ ತಾಳೆನೋಡುವುದೊಂದೇ ಗತಿ.